ಒಂದೇ ಥರದ ಎರಡು ಕೋವಿ

ನಮ್ಮಪ್ಪನ ಖಾಕಿ ಅಂಗಿಗೆ ಬೆಳಿಗ್ಗೆ ಒಂದು ವಾಸನೆ, ಸಂಜೆ ಇನ್ನೊಂದು. ಬೆಳಿಗ್ಗೆಯದು ಗಂಜಿ ಹಾಕಿ ಇಸ್ತ್ರಿ ಮಾಡಿದ್ದರದು. ಸಂಜೆಯದು ಅಗಸೆ ಎಣ್ಣೆ ಮತ್ತು ರೈಫಲ್ ಆಯಿಲ್ ಬೆರೆತದ್ದು. ಅಪ್ಪ ಡಿಎಆರ್‌ನಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ, ಹೆಡ್ ಕಾನ್‌ಸ್ಟೆಬಲ್. ಡ್ಯೂಟಿ ಆರ್ಮರಿಯಲ್ಲಿ. ಗೋಡೆಯುದ್ದಕ್ಕೂ ಮರದ ರ‍್ಯಾಕು, ರ‍್ಯಾಕಿನ ತುಂಬ ತ್ರೀ ನಾಟ್ ತ್ರೀ ರೈಫಲ್ಲು, ಎಲ್ಲದರ ಟ್ರಿಗರ್ ಗಾರ್ಡಿನೊಳಗಿಂದ ತೂರಿಸಿದ ಒಂದೇ ಸರಪಳಿ, ಕೊನೆಗೊಂದು ಬೀಗ. ಆ ರೈಫಲ್ಲುಗಳಿಗೆ ಹೆಸರಿರಲಿಲ್ಲ, ‘ಬಟ್ ನಂಬರ್’ ಇತ್ತು. ಬಟ್ ಅಂದರೆ ಹಿಂಬದಿಯ ಮರ; ಅದರ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಎರಡಂಕಿ. ‘ನಲವತ್ತೇಳರ ಬೋಲ್ಟು ಬಿಗಿ’, ‘ಹನ್ನೆರಡನೇದನ್ನ ಯಾರೋ ಕೆಳಗೆ ಬೀಳಿಸಿದಾರೆ, ಹೇಳ್ತಾ ಇಲ್ಲ’ ಎಂದು ಊಟಕ್ಕೆ ಕೂತಾಗ ಗೊಣಗುತ್ತಿದ್ದ.

ನಳಿಗೆ ಒರೆಸಲು ಫ್ಲಾನೆಲ್ ಬಟ್ಟೆಯ ತುಂಡು ಬೇಕು. ಪೊಲೀಸರ ಬಾಯಲ್ಲಿ ಅದು ಚಿಂದಿ. ಚಿಂದಿಯನ್ನು ಹಗ್ಗದ ಕುಣಿಕೆಗೆ ಸಿಕ್ಕಿಸಿ ನಳಿಗೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆಯಬೇಕು. ಆ ಹಗ್ಗವೇ ಪುಲ್‌ಥ್ರೂ. ಇಲಾಖೆಯ ಫ್ಲಾನೆಲ್ ಸಮಯಕ್ಕೆ ಬರುತ್ತಿರಲಿಲ್ಲ. ಅಪ್ಪ ತನ್ನ ಹಳೆಯ ಖಾಕಿ ಅಂಗಿಗಳನ್ನೇ ಹರಿದು ಒಯ್ಯುತ್ತಿದ್ದ. ಅಮ್ಮನಿಗೆ ಸಿಟ್ಟು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಾಗ ಲೆಕ್ಕಕ್ಕೆ ಎರಡು ಅಂಗಿ ಕಮ್ಮಿ ಬೀಳುತ್ತಿತ್ತು. ‘ಸರ್ಕಾರದ ಬಂದೂಕು ಒರೆಸೋಕೆ ನನ್ನ ಮನೆ ಪಾತ್ರೆ ಹೋಯ್ತು’ ಎನ್ನುವುದು ಅವಳ ಶಾಶ್ವತ ದೂರು.

ಹೀಗೆ ಬೆಳೆದವನಿಗೆ ಬಂದೂಕೆಂದರೆ ಮೋಹ ಹುಟ್ಟುವ ಸಂಭವವೇ ಇಲ್ಲ. ಅಂಚೆಯವನ ಮಗ ಸ್ಟ್ಯಾಂಪ್ ಸಂಗ್ರಹಿಸುವುದುಂಟೆ? ಹಾಗಾಗಿ ಹಳೆಯ ಮಿಲಿಟರಿ ಕೋವಿಗಳನ್ನು ದುಡ್ಡು ಕೊಟ್ಟು ತಂದು, ಒರೆಸಿ, ಗೋಡೆಗೆ ನಿಲ್ಲಿಸಿ, ಮತ್ತೆ ಒರೆಸುವ ಜನ ಇದ್ದಾರೆಂದು ಕೇಳಿದಾಗ ನನಗೆ ನಗು ಬಂದಿತ್ತು. ಮಗಳ ಬಾಣಂತನಕ್ಕೆಂದು ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದೆವು. ಬಾಣಂತನ ಮಾಡಿದ್ದು ನನ್ನ ಹೆಂಡತಿ. ನಾನು ಮಾಡಿದ್ದು ಪಕ್ಕದ ಮನೆಯವರ ಪರಿಚಯ.

ಪಕ್ಕದ ಮನೆಯಲ್ಲಿದ್ದದ್ದು ಶಾಲಾ ಬಸ್ ಓಡಿಸಿ ನಿವೃತ್ತನಾದ, ಎಪ್ಪತ್ತು ದಾಟಿದ ಮನುಷ್ಯ. ದಪ್ಪ ಗಾಜಿನ ಕನ್ನಡಕ. ಮಾತಿನ ನಡುವೆ ನಮ್ಮಪ್ಪನ ಕೆಲಸದ ವಿಷಯ ಬಂತು. ಆತ ಮಾತು ನಿಲ್ಲಿಸಿ, ‘ನಿಮಗೆ ಐದು ನಿಮಿಷ ಇದೆಯೇ’ ಎಂದು ಕೇಳಿದ. ಬಾಣಂತನದ ಮನೆಯ ಗಂಡಸಿಗೆ ಐದು ನಿಮಿಷವಲ್ಲ, ಐದು ತಿಂಗಳಿರುತ್ತದೆ. ನೆಲಮಾಳಿಗೆಯ ಮೆಟ್ಟಿಲಿಳಿದೆವು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೂಗಿಗೆ ಬಡಿದದ್ದು ಅಗಸೆ ಎಣ್ಣೆ. ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು.

ಅಲ್ಲಿ ಅರವತ್ತಮೂರು ಕೋವಿಗಳಿದ್ದವು. ಒಂದೂ ಬೇಟೆಯದಲ್ಲ, ಒಂದೂ ಹೊಸದಲ್ಲ. ಎಲ್ಲವೂ ಒಂದಲ್ಲ ಒಂದು ದೇಶದ ಮಾಮೂಲಿ ಸಿಪಾಯಿ ಹೆಗಲಿಗೇರಿಸಿದ್ದವು. ಅವನು ಮೊದಲು ಕೆಳಗಿಳಿಸಿದ್ದು ಎರಡು ತ್ರೀ ನಾಟ್ ತ್ರೀ. ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಅಕ್ಕಪಕ್ಕ ಮಲಗಿಸಿ, ‘ವ್ಯತ್ಯಾಸ ಹೇಳಿ’ ಎಂದ.

ನಾನು ನೋಡಿದೆ. ಒಂದು ಸ್ವಲ್ಪ ಕಪ್ಪು, ಇನ್ನೊಂದು ಸ್ವಲ್ಪ ಕೆಂಪು. ಅಷ್ಟೇ.

‘ನನ್ನ ಹೆಂಡತಿಯೂ ಅದನ್ನೇ ಹೇಳಿದ್ದು. ಎರಡನೆಯದನ್ನು ತಂದ ದಿನ, ಇದು ಆಗಲೇ ಇದೆಯಲ್ಲ, ಯಾಕೆ ತಂದಿರಿ ಅಂದಳು. ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಮುಗಿದ ಮೇಲೆ ನನಗೇ ಗೊತ್ತಾಯಿತು, ನಾನು ಕೆಟ್ಟೆ ಅಂತ.’

ಕೋವಿ ಸಂಗ್ರಾಹಕ ಹೇಗೆ ಹುಟ್ಟುತ್ತಾನೆ ಎಂಬುದಕ್ಕೆ ನಾನು ಕೇಳಿದ ವಿವರಣೆಗಳಲ್ಲಿ ಇದೇ ಸರಿಯಾದದ್ದೆಂದು ಈಗಲೂ ಅನ್ನಿಸುತ್ತದೆ. ಮೊದಲ ಕೋವಿಯನ್ನು ಯಾರು ಬೇಕಾದರೂ ಕೊಂಡಾರು. ಅಗ್ಗಕ್ಕೆ ಸಿಕ್ಕಿತು, ಅಜ್ಜ ಬಿಟ್ಟುಹೋದ, ಸಿನಿಮಾದಲ್ಲಿ ನೋಡಿದ್ದೆ, ಹೀಗೆ ಕಾರಣ ನೂರು. ಅದೇ ಥರದ ಎರಡನೆಯದನ್ನು ಕೊಳ್ಳುವವನು ಮಾತ್ರ ಬೇರೆ ಜಾತಿ. ಮಿಕ್ಕವರಿಗೆ ಒಂದೇ ಆಗಿ ಕಂಡದ್ದು ಅವನಿಗೆ ಎರಡಾಗಿ ಕಾಣುತ್ತಿರುತ್ತದೆ. ದನ ಕಾಯುವವನಿಗೆ ನೂರು ಕರಿ ಹಸುಗಳಲ್ಲಿ ತನ್ನ ಕರಿಯಮ್ಮ ಕಾಣುವಂತೆ.

ಆ ಎರಡು ರೈಫಲ್ಲುಗಳ ವ್ಯತ್ಯಾಸ ಇಷ್ಟು. ಒಂದು 1915ರಲ್ಲಿ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಾರ್ಖಾನೆಯದು. ಬೋಲ್ಟಿನ ಕೆಳಗೆ ಬಲಬದಿಯಲ್ಲಿ ಒಂದು ಸಣ್ಣ ತಗಡಿನ ಬಾಗಿಲಿದೆ. ಅದನ್ನು ಒಳಕ್ಕೆ ತಳ್ಳಿದರೆ ಮ್ಯಾಗಜೀನಿನ ಹತ್ತು ಗುಂಡುಗಳ ದಾರಿ ಮುಚ್ಚಿಹೋಗುತ್ತದೆ. ಸಿಪಾಯಿ ಒಂದೊಂದೇ ಗುಂಡನ್ನು ಕೈಯಲ್ಲಿ ತುಂಬಿ ಹೊಡೆಯಬೇಕು, ಮ್ಯಾಗಜೀನು ಆಪತ್ಕಾಲಕ್ಕೆ. ಹತ್ತೂ ಗುಂಡು ಕೈಗೆ ಕೊಟ್ಟರೆ ಸುಮ್ಮನೆ ಸುಟ್ಟುಹಾಕುತ್ತಾನೆ ಎಂಬ ದೊಡ್ಡ ಅಧಿಕಾರಿಗಳ ಭಯ ಆ ತಗಡಿನಲ್ಲಿದೆ. ಎಡಬದಿಗೆ ಇನ್ನೊಂದು ಗುರಿಯ ಮುಳ್ಳು, ಗಡಿಯಾರದ ಮುಳ್ಳಿನಂತೆ ತಿರುಗುವಂಥದ್ದು. ಮೈಲಿಗೂ ಹೆಚ್ಚು ದೂರದಲ್ಲಿ ಕಾಣುವ ಶತ್ರುಗಳ ಗುಂಪಿನ ಮೇಲೆ ಇಡೀ ತುಕಡಿ ಒಟ್ಟಿಗೆ ಗುಂಡಿನ ಮಳೆ ಸುರಿಸಲು ಅದು. ಎರಡನೆಯ ರೈಫಲ್ 1917ರದು, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯದು. ಅದರಲ್ಲಿ ತಗಡಿನ ಬಾಗಿಲೂ ಇಲ್ಲ, ಮುಳ್ಳೂ ಇಲ್ಲ. ಅಷ್ಟರಲ್ಲಿ ಕಂದಕದ ಯುದ್ಧ ಶುರುವಾಗಿತ್ತು. ಶತ್ರು ಮೈಲಿಯಾಚೆ ಇರಲಿಲ್ಲ, ಕೂಗಿದರೆ ಕೇಳುವಷ್ಟು ಹತ್ತಿರವಿದ್ದ. ರೈಫಲ್ಲುಗಳು ಮಾತ್ರ ಸಾಲುತ್ತಿರಲಿಲ್ಲ. ಮಾಡುವ ಕೆಲಸ ಕಮ್ಮಿಯಾಗಲಿ ಎಂದು ಆ ಭಾಗಗಳನ್ನು ಕೈಬಿಟ್ಟರು. ಮಾಡೆಲ್ ಹೆಸರಿನ ಮುಂದೆ ಒಂದು ಚಿಕ್ಕ ನಕ್ಷತ್ರ ಒತ್ತಿದರು. ಮಾರ್ಕ್ ತ್ರೀ ಇದ್ದದ್ದು ಮಾರ್ಕ್ ತ್ರೀ ಸ್ಟಾರ್ ಆಯಿತು.

ಸಾಸಿವೆ ಕಾಳಿನಷ್ಟಿರುವ ಆ ನಕ್ಷತ್ರವನ್ನು ಭೂತಗನ್ನಡಿ ಹಿಡಿದು ತೋರಿಸುತ್ತ, ‘ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯ ಬೇಕಾಗುತ್ತದೆ’ ಎಂದ. ಅತಿಶಯೋಕ್ತಿ ಅನ್ನಿಸಲಿಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಆರ್ಮರಿಯ ಕೆಲಸವೆಂದರೆ ಎಲ್ಲ ರೈಫಲ್ಲನ್ನೂ ಒಂದೇ ಮಾಡುವುದು. ಹನ್ನೆರಡನೆಯದು ನಲವತ್ತೇಳರ ಹಾಗೇ ಹಾರಬೇಕು, ಹಾಗೇ ಹೊಳೆಯಬೇಕು. ಇಲ್ಲದಿದ್ದರೆ ವಾರ್ಷಿಕ ತಪಾಸಣೆಯಲ್ಲಿ ಅಪ್ಪನಿಗೆ ಮೆಮೊ. ಈ ಮನುಷ್ಯ ಮಾಡುತ್ತಿದ್ದದ್ದು ಅದರ ತದ್ವಿರುದ್ಧ. ಸುಮಾರು 1.7 ಕೋಟಿಯಷ್ಟು ತಯಾರಾದವೆಂದು ಅಂದಾಜಿರುವ, ನಾವು ತ್ರೀ ನಾಟ್ ತ್ರೀ ಎಂದೇ ಕರೆಯುವ ಲೀ ಎನ್‌ಫೀಲ್ಡ್ ರೈಫಲ್ಲುಗಳಲ್ಲಿ ಒಂದನ್ನು ಹಿಡಿದು, ಇದು ಇದೇ, ಇನ್ನೊಂದಲ್ಲ ಎಂದು ಸಾಬೀತು ಮಾಡಲು ಹೊರಟಿದ್ದ.

ಈ ಚಟಕ್ಕೆ ನೀರೆರೆದದ್ದು ಅಗ್ಗದ ಬೆಲೆ. ಯುದ್ಧ ಮುಗಿದ ಮೇಲೆ ಸರ್ಕಾರಕ್ಕೆ ಬಂದೂಕು ಹೊರೆ. ಅದನ್ನು ಹೊರೆಯ ಬೆಲೆಗೆ ಕೊಂಡು ಆಸೆಯ ಬೆಲೆಗೆ ಮಾರುವುದು ಅಮೆರಿಕದಲ್ಲಿ ಹಳೆಯ ಕಸುಬು. ಸ್ಕಾಟ್ಲೆಂಡಿನಿಂದ ಬಂದು ಬ್ರೂಕ್ಲಿನ್‌ನಲ್ಲಿ ಗುಜರಿ ವ್ಯಾಪಾರಕ್ಕಿಳಿದ ಫ್ರಾನ್ಸಿಸ್ ಬ್ಯಾನರ್‌ಮನ್ 1898ರ ಸ್ಪೇನ್ ಯುದ್ಧ ಮುಗಿದಾಗ ವಶಪಡಿಸಿಕೊಂಡ ಆಯುಧಗಳಲ್ಲಿ ಬಹುಪಾಲನ್ನು ತಾನೇ ಕೊಂಡ. ಅಷ್ಟೊಂದು ಮದ್ದನ್ನು ನ್ಯೂಯಾರ್ಕ್ ನಗರದೊಳಗೆ ಇಡುವಂತಿರಲಿಲ್ಲ. ಹಡ್ಸನ್ ನದಿಯ ನಡುವಿನ ಪೊಲೆಪೆಲ್ ಎಂಬ ದ್ವೀಪವನ್ನೇ ಕೊಂಡು, ಸ್ಕಾಟ್ಲೆಂಡಿನ ಕೋಟೆಯ ಹಾಗೆ ಗೋದಾಮು ಕಟ್ಟಿಸಿದ. ನದಿಯ ಮೇಲೆ ಹೋಗುವವರಿಗೆಲ್ಲ ಕಾಣಲೆಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು. ಅವನು ಸತ್ತ ಎರಡು ವರ್ಷಕ್ಕೆ, 1920ರಲ್ಲಿ, ಮದ್ದಿನ ಮನೆ ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಅವನ ಅಂಗಡಿಯ ಕ್ಯಾಟಲಾಗುಗಳನ್ನೇ ಈಗ ಸಂಗ್ರಹಿಸುವವರಿದ್ದಾರೆ. ಅಂದರೆ ಕೋವಿಯನ್ನಲ್ಲ, ಕೋವಿಯ ಬೆಲೆಪಟ್ಟಿಯನ್ನು! ಎರಡನೆಯ ಮಹಾಯುದ್ಧದ ನಂತರ ಇದೇ ಕಸುಬಿಗೆ ಇಳಿದವನು ಹಿಂದೆ ಸಿಐಎಯಲ್ಲಿದ್ದ ಸ್ಯಾಮ್ ಕಮಿಂಗ್ಸ್. ಅವನ ಇಂಟರ್‌ಆರ್ಮ್ಸ್ ಕಂಪನಿ ದೇಶದೇಶಗಳ ಹಳೆಯ ರೈಫಲ್ಲುಗಳನ್ನು ಹಡಗಿಗೇರಿಸಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಗೋದಾಮುಗಳಿಗೆ ತಂದು ಸುರಿಯಿತು.

ನನ್ನ ನೆರೆಯವನು ಆ ಸುರಿಮಳೆಯಲ್ಲೇ ಬೆಳೆದವನು. ಅವನ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಸಲಿಕೆಯ ಪಕ್ಕದಲ್ಲಿ ಒಂದು ಪೀಪಾಯಿ, ಅದರಲ್ಲಿ ಪೊರಕೆಗಳ ಹಾಗೆ ನಿಲ್ಲಿಸಿದ ರೈಫಲ್ಲುಗಳು. ‘ಆಗ ನನಗೆ ಹದಿಮೂರು. ಪೀಪಾಯಿಯಲ್ಲಿ ಕೈಯಾಡಿಸಿ ಮರದ ಮೇಲೆ ಯಾರಾದರೂ ಹೆಸರು ಕೆತ್ತಿದ್ದಾರೆಯೇ ಅಂತ ನೋಡುತ್ತಿದ್ದೆ. ಅಪ್ಪ ಕೊಡಿಸಲಿಲ್ಲ.’

ಆ ಕಾಲಕ್ಕೆ ಕೋವಿಯನ್ನು ಅಂಚೆಯಲ್ಲೂ ತರಿಸಬಹುದಿತ್ತು. 1963ರ ಮಾರ್ಚಿನಲ್ಲಿ ಹಿಡೆಲ್ ಎಂಬ ಸುಳ್ಳು ಹೆಸರಿನಲ್ಲಿ ಒಬ್ಬ ಷಿಕಾಗೋದ ಅಂಗಡಿಯೊಂದಕ್ಕೆ ಅಂಚೆ ವೆಚ್ಚ ಸೇರಿ 21 ಡಾಲರ್ 45 ಸೆಂಟ್ ಕಳಿಸಿ, ಇಟಲಿ ಸೈನ್ಯದ ಹಳೆಯ ಕಾರ್ಕಾನೊ ರೈಫಲ್ ಒಂದನ್ನು ದುರ್ಬೀನಿನ ಸಮೇತ ತರಿಸಿಕೊಂಡ. ನಂಬರ್ ಸಿ 2766. ಅವನ ನಿಜವಾದ ಹೆಸರು ಲೀ ಹಾರ್ವೆ ಆಸ್ವಾಲ್ಡ್. ಆ ನವೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಸತ್ತದ್ದು ಅದೇ ರೈಫಲ್ಲಿನಿಂದ. 1968ರ ಕಾನೂನು ಅಂಚೆ ವ್ಯಾಪಾರವನ್ನೂ ಹೊರದೇಶದ ಮಿಲಿಟರಿ ಕೋವಿಗಳ ಆಮದನ್ನೂ ನಿಲ್ಲಿಸಿತು. 1980ರ ದಶಕದ ನಡುವೆ ಆಮದಿನ ಬಾಗಿಲು ಅರ್ಧ ತೆರೆಯಿತು: ಐವತ್ತು ವರ್ಷ ದಾಟಿದ ಕೋವಿಯನ್ನು ಸಂಗ್ರಹದ ವಸ್ತುವೆಂದು ತರಬಹುದು. ಬಸ್ ಡ್ರೈವರ್ ತನ್ನ ಮೊದಲ ರೈಫಲ್ ಕೊಂಡದ್ದು ಆಗ, ನಲವತ್ತರ ಹತ್ತಿರ ಬಂದಾಗ. ಇಂಥ ಸಂಗ್ರಾಹಕರಿಗೆಂದೇ ಅಲ್ಲಿ ಒಂದು ಲೈಸೆನ್ಸ್ ಇದೆ. ಅದಿದ್ದವನು ಯಾವ ಕೋವಿ ಎಂದು ಬಂತು, ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಹೊಲಿಗೆ ಹಾಕಿದ ಪುಸ್ತಕದಲ್ಲಿ ಬರೆದಿಡಬೇಕು. ಅವನು ಆ ಪುಸ್ತಕ ತೆಗೆದು ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಡ್ಡಗೆರೆ, ಕಾಲಮ್ಮು, ಕೆಂಪು ಇಂಕಿನ ತಿದ್ದುಪಡಿ, ಪಕ್ಕದಲ್ಲಿ ಸಹಿ. ಅಪ್ಪನ ಆರ್ಮರಿ ರಿಜಿಸ್ಟರು ಸಾಗರ ದಾಟಿ ಬಂದಿತ್ತು.

ತೀರ ಅಗ್ಗದ್ದೆಂದರೆ ರಷ್ಯಾದ ಮೊಸಿನ್. ಈ ಶತಮಾನದ ಮೊದಲ ವರ್ಷಗಳಲ್ಲಿ ನೂರು ಡಾಲರಿನೊಳಗೆ ಸಿಗುತ್ತಿತ್ತು. ಪೆಟ್ಟಿಗೆ ತೆರೆದರೆ ಇಡೀ ಕೋವಿ ಕಂದು ಗ್ರೀಸಿನಲ್ಲಿ ಮುಳುಗಿರುತ್ತದೆ. ದಶಕಗಟ್ಟಲೆ ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದದ್ದು, ಗಟ್ಟಿಯಾಗಿ ಅಂಟಿನಂತಾಗಿರುತ್ತದೆ. ಕರಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿಲಿಗಿಟ್ಟು ಕರಗಿಸುವವರು, ಕುದಿನೀರು ಸುರಿಯುವವರು, ಸೀಮೆಎಣ್ಣೆಯಲ್ಲಿ ಉಜ್ಜುವವರು, ಒಬ್ಬೊಬ್ಬರದು ಒಂದೊಂದು ಪಂಥ. ಆ ಗ್ರೀಸಿನ ವಾಸನೆಗೇ ಮರುಳಾದವರುಂಟು. ಗ್ರೀಸ್ ಇಳಿದಂತೆ ಲೋಹದ ಮೇಲೆ ಮುದ್ರೆಗಳು ಮೇಲೆದ್ದು ಬರುತ್ತವಲ್ಲ, ಆ ಒಂದು ಮಧ್ಯಾಹ್ನಕ್ಕಾಗಿ ಇನ್ನೊಂದು ಕೊಳ್ಳುತ್ತಾರೆ.

ಅವನು ಕಂಬಳಿಯ ಮೇಲಿಟ್ಟ ಮೊಸಿನ್ ಒಂದರ ಮೇಲೆ ಮೂರು ಸರ್ಕಾರಗಳ ಗುರುತಿತ್ತು. ಝಾರ್ ಚಕ್ರವರ್ತಿಯ ಎರಡು ತಲೆಯ ಹದ್ದು ಇರಬೇಕಾದ ಜಾಗದಲ್ಲಿ ಅರ ಹಾಕಿ ಉಜ್ಜಿದ ಹೊಂಡ. ಕ್ರಾಂತಿಯ ನಂತರ ಯಾರೋ ಮಾಡಿದ್ದು. ಹದ್ದಿನ ಒಂದು ರೆಕ್ಕೆಯ ತುದಿ ಮಾತ್ರ ಉಳಿದಿತ್ತು. ಅದರ ಪಕ್ಕಕ್ಕೆ ಸೋವಿಯತ್ ಕಾರ್ಖಾನೆಯ ಗುರುತು. ಇನ್ನೊಂದೆಡೆ ಚೌಕದೊಳಗೆ ಎಸ್‌ಎ ಎಂಬ ಎರಡು ಅಕ್ಷರ; ಫಿನ್ಲೆಂಡ್ ಸೈನ್ಯದ್ದು. ರಷ್ಯನ್ನರಿಂದಲೇ ಕಸಿದುಕೊಂಡು, ದುರಸ್ತಿ ಮಾಡಿ, ರಷ್ಯನ್ನರ ಮೇಲೆಯೇ ತಿರುಗಿಸಿದ್ದು. ಜಪಾನಿನ ಅರಿಸಾಕಾ ರೈಫಲ್ಲಿನ ಕಥೆಯೂ ಇಂಥದ್ದೇ. ಅದರ ನೆತ್ತಿಯ ಮೇಲೆ ಹದಿನಾರು ಎಸಳಿನ ಸೇವಂತಿಗೆ, ಚಕ್ರವರ್ತಿಯ ಲಾಂಛನ. 1945ರಲ್ಲಿ ಶರಣಾದಾಗ ಒಪ್ಪಿಸಿದ ರೈಫಲ್ಲುಗಳಲ್ಲಿ ಆ ಹೂವನ್ನು ಉಜ್ಜಿ ಅಳಿಸಲಾಗಿತ್ತು. ಹೂವು ಹಾಗೇ ಉಳಿದದ್ದೆಂದರೆ ರಣರಂಗದಿಂದ ನೇರ ಎತ್ತಿಕೊಂಡು ಬಂದದ್ದಿರಬಹುದು ಎಂಬ ಲೆಕ್ಕ, ಅದಕ್ಕೇ ಬೆಲೆ ಹೆಚ್ಚು. ಅವನ ಬಳಿ ಎರಡೂ ಇದ್ದವು. ಅಳಿಸಿದ ಹೂವೇ ಹೆಚ್ಚು ಇಷ್ಟವೆಂದ. ‘ಉಳಿದ ಹೂವು ಸಿಪಾಯಿಯ ಕಥೆ ಹೇಳುತ್ತೆ, ಅಳಿಸಿದ ಹೂವು ಇಡೀ ದೇಶದ್ದು.’

ಈಗ ನನ್ನಿಂದ ಒಂದು ಉಪಕಾರವಾಗಬೇಕು ಎನ್ನುತ್ತ ಮೂಲೆಯಿಂದ ಇನ್ನೊಂದು ಕೋವಿ ತಂದ. ಉದ್ದ, ಭಾರ, ಒಂದೇ ಗುಂಡಿನದು. ಟ್ರಿಗರ್ ಗಾರ್ಡಿನ ಹಿಂದಿನ ಸನ್ನೆಕೋಲನ್ನು ಕೆಳಗೊತ್ತಿದರೆ ಬಾಯಿ ತೆರೆಯುತ್ತದೆ. ಇದು ನೇಪಾಳದ್ದು. ಕಾಠ್ಮಂಡುವಿನಲ್ಲಿ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಿದೆ. ನಮ್ಮ ಕಾರ್ಖಾನೆ, ದವಾಖಾನೆ, ಫೀಲ್‌ಖಾನೆಗಳ ಸಾಲಿನ ಪದವೇ ಇದು. ಸಿಲಾಹ್ ಎಂದರೆ ಆಯುಧ. ರಾಣಾ ಮನೆತನದ ಆಳ್ವಿಕೆಯ ಕಾಲದಿಂದ ನೇಪಾಳ ಸೈನ್ಯ ಬಿಸಾಡದೆ ಪೇರಿಸಿಟ್ಟ ಐವತ್ತು ಸಾವಿರಕ್ಕೂ ಹೆಚ್ಚು ಕೋವಿಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಬ್ರೌನ್ ಬೆಸ್, ಬ್ರನ್ಸ್‌ವಿಕ್, ಸ್ನೈಡರ್, ಮಾರ್ಟಿನಿ ಹೆನ್ರಿ. 2003ರಲ್ಲಿ ಅಮೆರಿಕದ ಇಬ್ಬರು ವ್ಯಾಪಾರಿಗಳು, ಐಎಂಎ ಮತ್ತು ಅಟ್ಲಾಂಟಾ ಕಟ್ಲರಿ ಕಂಪನಿಗಳವರು, ಅಷ್ಟನ್ನೂ ಕೊಂಡು ಹಡಗಿಗೇರಿಸಿದರು. ಅಮೆರಿಕದ ಕಾನೂನಿನಲ್ಲಿ 1898ರವರೆಗೆ ತಯಾರಾದ ಕೋವಿ ಕೋವಿಯೇ ಅಲ್ಲ, ಪುರಾತನ ವಸ್ತು. ಲೈಸೆನ್ಸು ಬೇಡ, ಮನೆ ಬಾಗಿಲಿಗೆ ಪಾರ್ಸೆಲ್ ಬರುತ್ತದೆ. ಬ್ರಿಟಿಷರು ಹೊಸ ರೈಫಲ್ ಕೊಡಲು ಮೀನಮೇಷ ಎಣಿಸುತ್ತಿದ್ದಾಗ ನೇಪಾಳಿಗಳು ತಮ್ಮಲ್ಲೇ ಕೈಯಿಂದ ತಯಾರಿಸಿಕೊಂಡ ರೈಫಲ್ಲುಗಳೂ ಆ ರಾಶಿಯಲ್ಲಿದ್ದವು. ಜನರಲ್ ಗಹೇಂದ್ರ ಶಂಶೇರನ ಹೆಸರು ಅವಕ್ಕೆ ಅಂಟಿಕೊಂಡಿದೆ. ನನ್ನ ಮುಂದಿದ್ದದ್ದು ಅಂಥದ್ದೊಂದು ಗಹೇಂದ್ರ.

ಅದರ ಮೈಮೇಲೆಲ್ಲ ಅಕ್ಷರ. ಅವನಿಗೆ ಅಂಕಿಗಳು ಬರುತ್ತಿದ್ದವು. ದೇವನಾಗರಿಯ ಒಂದರಿಂದ ಒಂಬತ್ತರವರೆಗೆ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ. ಪಾಪ, ಐದು ಮತ್ತು ಎಂಟರಲ್ಲಿ ಗೊಂದಲವಿತ್ತು. ನೇಪಾಳದ ಬಿಕ್ರಮ ಸಂವತ್ ವರ್ಷದಿಂದ ಐವತ್ತೇಳು ಕಳೆಯಬೇಕೆಂದೂ ಗೊತ್ತಿತ್ತು. ಅಕ್ಷರ ಮಾತ್ರ ಬಾರದು. ಹೈಸ್ಕೂಲಿನ ಹಿಂದಿ ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು ಎಂದುಕೊಂಡು ಭೂತಗನ್ನಡಿ ತೆಗೆದುಕೊಂಡೆ. ಸವೆದಿತ್ತು. ಮೊದಲು ಶ್ರೀ. ಆಮೇಲೆ ಕಾ, ಲೀ. ಅದರಾಚೆ ಒಂದು ಅಕ್ಷರ ತುಕ್ಕಿನಲ್ಲಿ ಹೋಗಿ, ಹಾ, ದು, ರ. ಶ್ರೀ ಕಾಲೀಬಹಾದುರ. ನೇಪಾಳ ಸೈನ್ಯದ ಒಂದು ಹಳೆಯ ಪಲ್ಟಣಿಯ ಹೆಸರು. ಕೆಳಗೆ 43 ಎಂಬ ಅಂಕಿ, 1943 ಇರಬೇಕು. ಅಂದರೆ ನಮ್ಮ ಲೆಕ್ಕದ 1886. ನಾನು ಒಂದೊಂದೇ ಅಕ್ಷರ ಹೇಳುತ್ತಿದ್ದರೆ ಅವನು ಮಗು ಕಾಗುಣಿತ ಹೇಳಿದಂತೆ ಹಿಂದಿನಿಂದ ಹೇಳುತ್ತಿದ್ದ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹದಿನೈದು ವರ್ಷದಿಂದ ಇದು ನನ್ನ ಮನೆಯಲ್ಲಿದೆ’ ಎಂದ.

ನಮ್ಮ ಕಡೆಯ ಮಾತು ಬಂದಾಗ ಅವನು ಕೇಳಿದ್ದು ಟಿಪ್ಪುವಿನ ಬಗ್ಗೆ. ಸಂಗ್ರಾಹಕರ ಲೋಕದಲ್ಲಿ ಶ್ರೀರಂಗಪಟ್ಟಣ ದೊಡ್ಡ ಹೆಸರು. ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಎಂಬಾತ ಟಿಪ್ಪುವಿನ ಕೋವಿಗಳ ಬೆನ್ನು ಹತ್ತಿ 1992ರಲ್ಲಿ ಅವುಗಳ ಮೇಲೆ ಪುಸ್ತಕವನ್ನೇ ಬರೆದ. ಅವನ ಸಂಗ್ರಹ 2005ರಲ್ಲಿ ಲಂಡನ್ನಿನ ಸೋದಬೀಸ್‌ನಲ್ಲಿ ಹರಾಜಾಯಿತು. 2015ರಲ್ಲಿ ಬಾನಮ್ಸ್‌ನವರು ಟಿಪ್ಪುವಿನ ಆಸ್ಥಾನದ 30 ವಸ್ತುಗಳನ್ನು ಹರಾಜಿಗಿಟ್ಟಾಗ ಬಂದದ್ದು ಸುಮಾರು 60 ಲಕ್ಷ ಪೌಂಡು. ಹುಲಿಪಟ್ಟೆ, ಬೆಳ್ಳಿಯ ಕುಸುರಿ, ಟಿಪ್ಪುವಿನ ಪಂಚಾಂಗದ ಮೌಲೂದಿ ವರ್ಷ. ಅವು ದೊರೆಯ ಕೋವಿಗಳು. ನನ್ನ ನೆರೆಯವನಿಗೆ ಅವುಗಳಲ್ಲಿ ಆಸೆಯಿರಲಿಲ್ಲ, ಆಸೆಪಡುವ ಶಕ್ತಿಯೂ ಇರಲಿಲ್ಲ. 2018ರಲ್ಲಿ ಹೊಸನಗರದ ನಗರ ಕೋಟೆಯ ಬಳಿ ಬಾವಿಯ ಹೂಳೆತ್ತುವಾಗ ಆ ಕಾಲದ್ದೆಂದು ಗುರುತಿಸಿದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಆ ಸುದ್ದಿ ಹೇಳಿದಾಗ ಕುರ್ಚಿಯಿಂದ ಎದ್ದ. ‘ಒಂದೇ ಥರದವು ಸಾವಿರವೇ?’

ಕೊಡಗಿನ ವಿಷಯ ಅವನಿಗೆ ಅಷ್ಟಾಗಿ ಹತ್ತಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು, ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವುದು ಕೇಳಿ ತಲೆದೂಗಿದ. ಆದರೆ ಕೊಡಗಿನ ಮನೆಯ ಕೋವಿ ಸಂಗ್ರಹದ ವಸ್ತುವಲ್ಲ, ಮನೆಯವರಲ್ಲಿ ಒಬ್ಬರು. ಮನೆಯವರನ್ನು ಯಾರೂ ಸಂಗ್ರಹಿಸುವುದಿಲ್ಲ. ಮಿಕ್ಕ ಭಾರತೀಯರಿಗೋ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇದ್ದರೂ ಎರಡಕ್ಕಿಂತ ಹೆಚ್ಚು ಕೋವಿ ಇಡುವಂತಿಲ್ಲ; ತ್ರೀ ನಾಟ್ ತ್ರೀಯಂತೂ ಸಾಮಾನ್ಯರಿಗೆ ನಿಷಿದ್ಧ ಅಳತೆ. ನಮ್ಮಲ್ಲಿ ಈ ಹುಚ್ಚು ಹತ್ತಿದವನಿಗೆ ಮ್ಯೂಸಿಯಮ್ಮೇ ಗತಿ. ಹಾಗಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೆರೆಯವನಿಗೂ ಅದನ್ನು ಹೇಳಿದೆ. ಅವನು ಜಗಳವಾಡಲಿಲ್ಲ.

ಕೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ ಒಂದು ಸಂಜೆ ಕೇಳಿದೆ: ‘ಇವು ಎಷ್ಟು ಜನರನ್ನು ಕೊಂದಿರಬಹುದು, ಯೋಚನೆ ಬರುವುದಿಲ್ಲವೇ?’

‘ದಿನಾ ಬರುತ್ತೆ. ಬಹಳಷ್ಟು ಯಾರನ್ನೂ ಕೊಂದಿರಲಾರವು. ಗೋದಾಮಿನಿಂದ ಬ್ಯಾರಕ್ಕಿಗೆ, ಬ್ಯಾರಕ್ಕಿನಿಂದ ಗೋದಾಮಿಗೆ. ಆದರೆ ಯಾವುದು ಕೊಂದಿದೆ, ಯಾವುದು ಕೊಂದಿಲ್ಲ ಅಂತ ಯಾವ ಮುದ್ರೆಯಲ್ಲೂ ಬರೆದಿಲ್ಲವಲ್ಲ.’ ಆಮೇಲೆ ತಾನೇ ಸೇರಿಸಿದ: ‘ಬರೆದಿದೆ ಅಂತ ಹೇಳಿ ಮಾರುವವರು ಬೇಕಾದಷ್ಟಿದ್ದಾರೆ.’

ಕೋವಿ ಕೊಳ್ಳು, ಕಥೆ ಕೊಳ್ಳಬೇಡ ಎನ್ನುವುದು ಅವರ ಲೋಕದ ಗಾದೆ. ಅಜ್ಜ ನಾರ್ಮಂಡಿಯಲ್ಲಿ ಹಿಡಿದಿದ್ದ ರೈಫಲ್ ಎಂಬುದು ಹತ್ತು ಡಾಲರಿನ ಸರಕನ್ನು ಸಾವಿರಕ್ಕೇರಿಸುತ್ತದೆ. ರೈಫಲ್ಲಿನ ಮೈ, ಬೋಲ್ಟು, ಮೂತಿ, ಮರ ಎಲ್ಲದರ ಮೇಲೂ ಕಾರ್ಖಾನೆಯಲ್ಲಿ ಒಂದೇ ನಂಬರ್ ಒತ್ತಿರುತ್ತಾರೆ. ಅಷ್ಟೂ ಹೊಂದಿದರೆ ಬೆಲೆ ಜಿಗಿಯುತ್ತದೆ. ಹೊಂದದಿದ್ದರೆ ಹಳೆಯ ಅಂಕಿ ಉಜ್ಜಿ ಹೊಸದನ್ನು ಒತ್ತಿ ಹೊಂದಿಸುವ ಕೈಚಳಕದವರಿದ್ದಾರೆ. ಅದನ್ನು ಹಿಡಿಯುವ ಕಣ್ಣಿನವರೂ ಇದ್ದಾರೆ. ಈ ಮೋಸದ ಪರಂಪರೆಯಲ್ಲಿ ನನಗೆ ಪ್ರೀತಿ ಹುಟ್ಟಿದ್ದು ಖೈಬರ್ ಕಣಿವೆಯ ಕಮ್ಮಾರರ ಮೇಲೆ. ಅವರು ಬ್ರಿಟಿಷ್ ರೈಫಲ್ಲುಗಳನ್ನು ಅರ ಮತ್ತು ಸುತ್ತಿಗೆಯಲ್ಲೇ ನಕಲು ಮಾಡುತ್ತಿದ್ದರು, ಮುದ್ರೆಯ ಸಮೇತ. ಇಂಗ್ಲಿಷ್ ಓದಲು ಬಾರದು, ಹಾಗಾಗಿ ಎನ್‌ಫೀಲ್ಡ್‌ನ ಎನ್ ಅಕ್ಷರ ಕನ್ನಡಿಯಲ್ಲಿ ನೋಡಿದಂತೆ ತಿರುಗಿರುತ್ತದೆ. ವಿಕ್ಟೋರಿಯಾ ರಾಣಿ 1901ರಲ್ಲಿ ಸತ್ತಮೇಲೆ ಬಂದ ವರ್ಷಗಳ ಪಕ್ಕದಲ್ಲೂ ಅವಳ ಹೆಸರಿನ ಮೊದಲಕ್ಷರ ಹಾಗೇ ಮುಂದುವರಿದಿರುತ್ತದೆ. ಅಫ್ಗಾನಿಸ್ತಾನಕ್ಕೆ ಹೋದ ಸೈನಿಕರು ಅಸಲಿಯೆಂದು ಕೊಂಡು ತಂದು ಬೇಸ್ತುಬಿದ್ದದ್ದುಂಟು. ನೆರೆಯವನ ಬಳಿಯೂ ಅಂಥ ತಿರುಗಿದ ಎನ್ ಒಂದಿತ್ತು, ನಕಲಿಯೆಂದು ಗೊತ್ತಿದ್ದೇ ಕೊಂಡದ್ದು.

ಅವನ ಅಪ್ಪ ಯುದ್ಧಕ್ಕೆ ಹೋದವನೇ ಎಂದು ಕೇಳಿದ್ದಕ್ಕೆ ಅವನಿಗೆ ಸ್ವಲ್ಪ ಬೇಸರವಾಯಿತು. ‘ಎಲ್ಲರೂ ಕೇಳುತ್ತಾರೆ. ಹೌದು ಅಂದುಬಿಟ್ಟರೆ ಅವರಿಗೆ ಸಮಾಧಾನ. ನಮ್ಮಪ್ಪ ಬೇಕರಿಯಲ್ಲಿದ್ದ. ವಿಯೆಟ್ನಾಮಿಗೆ ಕಳಿಸಲು ನನ್ನನ್ನು ಕರೆದಾಗ ಕಣ್ಣಿನ ಪರೀಕ್ಷೆಯಲ್ಲಿ ವಾಪಸ್ ಕಳಿಸಿದರು. ನನ್ನ ಪೈಕಿ ಯಾರೂ ಯಾವ ಯುದ್ಧದಲ್ಲೂ ಇರಲಿಲ್ಲ.’ ಕನ್ನಡಕ ತೆಗೆದು ಒರೆಸಿಕೊಂಡ.

ಊರಿಗೆ ಹೊರಡುವ ಹಿಂದಿನ ದಿನ ಅವನು ಕೊನೆಯ ರೈಫಲ್ ತೆಗೆದ. ಇಷ್ಟು ದಿನ ಯಾಕೆ ತೋರಿಸಿರಲಿಲ್ಲವೋ. ಕೈಗೆ ಬರುತ್ತಲೇ ಭಾರ ಗೊತ್ತಾಯಿತು. ಅದೇ ನಾಲ್ಕು ಕಿಲೋ. ಬಲಬದಿಯಲ್ಲಿ ಕಿರೀಟ, ಅದರ ಕೆಳಗೆ ಜಿ.ಆರ್.ಐ., ಜಾರ್ಜ್, ರಾಜ ಮತ್ತು ಚಕ್ರವರ್ತಿ. ಕೆಳಗೆ ಇಷಾಪುರ, 1942. ಕೋಲ್ಕತ್ತದ ಬಳಿ ಹೂಗ್ಲಿ ದಂಡೆಯ ಇಷಾಪುರದ ರೈಫಲ್ ಕಾರ್ಖಾನೆಯದು. ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ತಿರುಪು. ಮರ ಸೀಳದಿರಲೆಂದು ಇಷಾಪುರದವರು ಹಾಕುತ್ತಿದ್ದದ್ದು, ಸಂಗ್ರಾಹಕರು ಅದನ್ನು ನೋಡಿಯೇ ಊರು ಹೇಳುತ್ತಾರೆ. ಇಂಥವನ್ನೇ ಅಪ್ಪ ವರ್ಷವರ್ಷವೂ ಜನವರಿ 26ಕ್ಕೆ ತಿಕ್ಕಿ ಹೊಳಪು ಮಾಡಿ ಕೊಡುತ್ತಿದ್ದ. ಚಕ್ರವರ್ತಿಯ ಕಿರೀಟ ಹೊತ್ತ ರೈಫಲ್ಲಿನಲ್ಲಿ ಗಣರಾಜ್ಯಕ್ಕೆ ಸಲ್ಯೂಟ್. ಯಾರಿಗೂ ಅದು ಚೋದ್ಯವಾಗಿ ಕಂಡಿರಲಿಲ್ಲ. 2008ರ ನವೆಂಬರಿನಲ್ಲಿ ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಭಯೋತ್ಪಾದಕರ ಎ.ಕೆ. ರೈಫಲ್ಲುಗಳ ಎದುರು ಈ ತ್ರೀ ನಾಟ್ ತ್ರೀ ಹಿಡಿದು ನಿಂತ ಪೊಲೀಸರನ್ನು ದೇಶವೆಲ್ಲ ಟಿವಿಯಲ್ಲಿ ಕಂಡಮೇಲೆ ಇವಕ್ಕೆ ನಿವೃತ್ತಿಯ ಮಾತು ಜೋರಾಯಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ವಿಧಿವತ್ತಾಗಿ ಬೀಳ್ಕೊಟ್ಟರು.

‘ಈ ಬಿಳಿ ಪೇಂಟಿನ 31 ಏನು ಅಂತ ಯಾರೂ ಹೇಳಿಲ್ಲ. ಕಾರ್ಖಾನೆಯದಲ್ಲ. ಉಜ್ಜಿ ತೆಗೆದರೆ ಮರ ಚೆನ್ನಾಗಿ ಕಾಣುತ್ತೆ ಅಂತಾರೆ.’

ಬಟ್ ನಂಬರ್ ಎಂದೆ. ವರ್ಷಕ್ಕೊಮ್ಮೆ, ಸಾಹೇಬರ ತಪಾಸಣೆಯ ಹಿಂದಿನ ದಿನ, ಹೊಸದಾಗಿ ಬರೆಯುತ್ತಾರೆ. ಹತ್ತಿರದಿಂದ ನೋಡಿದರೆ ಪೇಂಟಿನ ಪದರಗಳು ಕಾಣುತ್ತಿದ್ದವು. ಮೂರರ ಹೊಟ್ಟೆ ಒಮ್ಮೆ ದುಂಡಗೆ, ಒಮ್ಮೆ ಚೂಪಗೆ. ಬರೆದ ಕೈ ಬದಲಾಗಿತ್ತು.

ನನಗರಿವಿಲ್ಲದೆ ಹೆಬ್ಬೆರಳು ಹಿಂಬದಿಯ ಹಿತ್ತಾಳೆ ಪಟ್ಟಿಯ ಪುಟ್ಟ ಬಾಗಿಲನ್ನು ಹುಡುಕಿ ಒತ್ತಿತು. ಅದರೊಳಗೆ ಎಣ್ಣೆಯ ಸೀಸೆ, ಸುತ್ತಿಟ್ಟ ಪುಲ್‌ಥ್ರೂ ಇರಬೇಕು. ಎರಡೂ ಇದ್ದವು. ಹಗ್ಗದ ಕುಣಿಕೆಯಲ್ಲಿ ಒಂದು ಚೂರು ಬಟ್ಟೆ, ಎಣ್ಣೆ ಕುಡಿದು ಕಪ್ಪಾದದ್ದು.

‘ಅದು ಸರಿಯಾದದ್ದಲ್ಲ’ ಎಂದ ಅವನು, ಕ್ಷಮೆ ಕೇಳುವ ದನಿಯಲ್ಲಿ. ‘ಫ್ಲಾನೆಲ್ ಇರಬೇಕಿತ್ತು. ಬದಲಾಯಿಸಿ ಅಂದರು. ಯಾಕೋ ಬಿಟ್ಟಿದ್ದೇನೆ.’

ಮಡಿಕೆ ಬಿಡಿಸಿದೆ. ಎಣ್ಣೆ ತಾಗದ ಒಳಮೈ ಖಾಕಿ. ಅಂಚಿನಲ್ಲಿ ಗುಂಡಿಯ ಮನೆ, ಕೈಹೊಲಿಗೆಯದು.

ಇದು ಹಳೆಯ ಸಮವಸ್ತ್ರದ ಅಂಗಿ, ಫ್ಲಾನೆಲ್ ಬಾರದಿದ್ದಾಗ ಹೀಗೆ ಮಾಡುತ್ತಿದ್ದರು ಎಂದೆ. ಪಾತ್ರೆಯವಳ ಕಥೆಯನ್ನೂ ಹೇಳಿದೆ, ಅರ್ಧ ಅರ್ಥವಾಗಿರಬೇಕು. ಅವನು ಹೊಲಿಗೆಯ ಪುಸ್ತಕ ತೆರೆದು ಆ ರೈಫಲ್ಲಿನ ಸಾಲು ಹುಡುಕಿದ. 31, ರ‍್ಯಾಕಿನ ನಂಬರ್ ಎಂದು ಬರೆದ. ಒರೆಸುವ ಬಟ್ಟೆ, ಪೊಲೀಸ್ ಅಂಗಿಯದು ಎಂದು ಬರೆದ. ಯಾವ ವರ್ಷದ್ದಿರಬಹುದು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆ ಕಾಲಮ್ಮಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮಾಹಿತಿ ಕೊಟ್ಟವರು ಎಂಬಲ್ಲಿ ಬರೆಯಲು ಅಪ್ಪನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಲು ಹೇಳಿದ.